ಕೊಟ್ಟಿಗೆಯ ಹೊರಗೆ ಬಿಟ್ಟ ಚಪ್ಪಲಿ

ಈ ಅಕ್ಟೋಬರ್‌ನಲ್ಲಿ, ಮಳೆ ಹಿಡಿದಿದ್ದ ವಾರ, ಮಡಕಶಿರ ಪಕ್ಕದ ನಮ್ಮೂರಿನಲ್ಲಿ ನನ್ನ ತಮ್ಮನ ಹೆಂಡತಿ ಚಪ್ಪಲಿ ಹಾಕಿಕೊಂಡೇ ದನದ ಕೊಟ್ಟಿಗೆಗೆ ಕಾಲಿಟ್ಟಳು.

"ಲಕ್ಷ್ಮಿ ಇರೋ ತಾವಕ್ಕೆ ಮೆಟ್ಟು ಹಾಕ್ಕೊಂಡು ಹೋಗ್ತಾರೇನಮ್ಮ?" ಎಂದು ಗದರಿದೆ.

"ನಿಮ್ ಲಕ್ಷ್ಮಿ ನನ್ ಕಾಲ್ ಮ್ಯಾಲೇ ಉಚ್ಚೆ ಉಯ್ತಾಳೆ ಬಾವ, ಹಿಮ್ಮಡಿ ಬ್ಯಾರೆ ಒಡ್ದೈತೆ," ಎಂದು ನಕ್ಕಳು. ಆದರೂ ಚಪ್ಪಲಿ ಹೊರಗೆ ಬಿಟ್ಟಳು. ಆಮೇಲೆ ದಿನವೂ ಬರಿಗಾಲಲ್ಲೇ ಸಗಣಿ ಬಾಚಿದಳು.

ಎರಡು ವಾರ ಕಳೆಯುವಷ್ಟರಲ್ಲಿ ಜ್ವರ ಬಂತು, ಕಣ್ಣು ಹಳದಿಯಾಯಿತು. ಹಿಂದೂಪುರದ ಡಾಕ್ಟರು ಇಲಿಜ್ವರ ಎಂದರು. ಇಲಿ, ದನಗಳ ಮೂತ್ರ ಬೆರೆತ ನೀರಿನಿಂದ ರೋಗಾಣು ಒಡೆದ ಚರ್ಮದೊಳಗೆ ಸೇರುತ್ತದಂತೆ.

"ಚಪ್ಪಲಿ ಹಾಕ್ತಿರಲಿಲ್ವೇನಮ್ಮ?" ಎಂದು ಡಾಕ್ಟರು ಅವಳನ್ನು ಕೇಳಿದರು.

ಅವಳು ನನ್ನ ಕಡೆ ನೋಡದೆ, "ಅಭ್ಯಾಸ ಇಲ್ಲ ಸಾರ್," ಎಂದಳು.

ಈಗ ಜ್ವರ ಇಳಿದಿದೆ. ರೋಗ ತಗುಲಿದ ಮೂತ್ರಪಿಂಡ ಇನ್ನೂ ಸುಧಾರಿಸಿಲ್ಲ. ನಿನ್ನೆ ಮತ್ತೆ ಡಯಾಲಿಸಿಸ್ ಮಾಡಿದರು.