ನಮ್ಮವರಿಗೆ ಮಾತ್ರ ಕೊಡುವ ಮನೆ

ಬಾಡಿಗೆ ಮನೆ ಹುಡುಕುವವರಿಗೆ ನಾನು ಮೊದಲು ಹೇಳುವ ಬುದ್ಧಿಮಾತು ಒಂದೇ: ಮಾಲಕರ ಎದುರು ಕಡಿಮೆ ಮಾತಾಡಿ, ಊರು ಯಾವುದೆಂದು ಅವರು ಕೇಳುವ ಮುಂಚೆ ಕೆಲಸ ಎಲ್ಲಿ ಎಂದು ಹೇಳಿಬಿಡಿ. ಕುದ್ರೋಳಿಯಲ್ಲಿ ಒಂದು ಮೇಜು, ಒಂದು ಫೋನು ಇಟ್ಟುಕೊಂಡು ಈ ದಲ್ಲಾಳಿ ಕೆಲಸ ಶುರುಮಾಡಿದವನು ನಾನು. ಯಾರೂ ಕಲಿಸಲಿಲ್ಲ, ಪೆಟ್ಟು ತಿಂದೇ ಕಲಿತದ್ದು. ಆದರೆ ಅತ್ತಾವರದ ಆ ಮನೆಯ ವಿಷಯದಲ್ಲಿ ನನ್ನ ಯಾವ ಬುದ್ಧಿಯೂ ನಡೆಯಲಿಲ್ಲ. ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ.

ಮನೆ ಬೇಕಾಗಿದ್ದದ್ದು ವಿಜಯಪುರದ ಕಡೆಯ ಒಬ್ಬ ನರ್ಸಿಗೆ. ಅತ್ತಾವರದ ಆಸ್ಪತ್ರೆಯೊಂದರಲ್ಲಿ ಕೆಲಸ, ವಾಸ ಹಾಸ್ಟೆಲಿನಲ್ಲಿ. ಊರಿನಲ್ಲಿದ್ದ ತಾಯಿಗೆ ಲಕ್ವ ಹೊಡೆದಿತ್ತು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಕರೆತಂದು ಇಟ್ಟುಕೊಳ್ಳಲು ಮೆಟ್ಟಿಲಿಲ್ಲದ ಮನೆ ಆಗಬೇಕು, ಅದೂ ಡ್ಯೂಟಿಯ ನಡುವೆ ಓಡಿಬಂದು ಒಂದು ತುತ್ತು ಉಣಿಸಿ ಹೋಗುವಷ್ಟು ಹತ್ತಿರ. ಅಂಥದ್ದು ನನ್ನ ಕೈಯಲ್ಲಿ ಒಂದೇ ಇತ್ತು.

ಆ ಹೆಂಚಿನ ಮನೆ ಜಮೀನುದಾರ ಮನೆತನದ ಅಕ್ಕ ಒಬ್ಬರದು. ಅವರು ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದರು. ಮನೆ ಖಾಲಿ ಬಿದ್ದು ಗೆದ್ದಲು ಹಿಡಿಯುತ್ತಿತ್ತು. ಹಿತ್ತಲಿನ ಮರದ ಬುಡದಲ್ಲಿ ಗುಳಿಗ ದೈವದ ಕಲ್ಲು. ಬಾಡಿಗೆಗೆ ಇರುವವರು ಪ್ರತಿ ಸಂಕ್ರಮಣಕ್ಕೆ ದೂರದಿಂದ ಒಂದು ದೀಪ ಇಡಬೇಕು, ಕಲ್ಲನ್ನು ಮುಟ್ಟಬಾರದು.

"ಘಟ್ಟದ ಮೇಲಿನವರಾ? ಬೇಡ ಮಾರಾಯ್ರೆ," ಎಂದರು ಅಕ್ಕ ಫೋನಿನಲ್ಲಿ. "ನಮ್ಮ ಜಿಲ್ಲೆ ಮದ್ರಾಸಿನೊಟ್ಟಿಗೆ ಇದ್ದಾಗ ನಮಗೊಂದು ಬೆಲೆ ಇತ್ತಂತೆ, ಅಪ್ಪ ಹೇಳ್ತಿದ್ದರು. ಬ್ರಿಟಿಷರು ಹೋದ್ರು, ನಮ್ಮನ್ನು ಘಟ್ಟಕ್ಕೆ ಸೇರಿಸಿದ್ರು. ಈಗ ಬ್ಯಾಂಕಿಗೆ ಹೋದ್ರೆ ಅವರು, ಆಫೀಸಿಗೆ ಹೋದ್ರೆ ಅವರು. ತುಳು ಮಾತಾಡಿದ್ರೆ ಎಂತದೋ ಪ್ರಾಣಿ ನೋಡಿದ ಹಾಗೆ ನೋಡ್ತಾರೆ. ಇನ್ನು ನನ್ನ ಮನೆಯೊಳಗೂ ಬರಬೇಕಾ?"

ಈ ಸಿಟ್ಟು ನನಗೆ ಹೊಸದಲ್ಲ, ನನ್ನೊಳಗೂ ಇದೆ. ಸರಕಾರಿ ಕಚೇರಿಯ ಕಿಟಕಿಯಲ್ಲಿ ನನ್ನ ತಾಯಿ ತುಳುವಿನಲ್ಲಿ ಕೇಳಿದ್ದಕ್ಕೆ "ಕನ್ನಡದಾಗ ಹೇಳ್ರಿ" ಎಂದು ಗದರಿದವನ ಮುಖವನ್ನು ನಾನು ಮರೆತಿಲ್ಲ. ಆದರೆ ಸಿಟ್ಟು ಬಾಡಿಗೆ ಕಟ್ಟುವುದಿಲ್ಲ, ಗೆದ್ದಲನ್ನೂ ಓಡಿಸುವುದಿಲ್ಲ.

"ಅಕ್ಕ, ನಿಮ್ಮ ಭಾವ ಹುಬ್ಬಳ್ಳಿಯಲ್ಲಿ ಹೋಟೆಲ್ ಇಟ್ಟದ್ದು ಯಾರ ಕಟ್ಟಡದಲ್ಲಿ?"

"ಅದು ಬೇರೆ."

"ಎಂತ ಬೇರೆ?"

"ಅವರು ಅಲ್ಲಿಯವರಿಗೆ ಅನ್ನ ಹಾಕಿದ್ದು!"

"ಇವಳು ಇಲ್ಲಿಯವರಿಗೆ ಇಂಜೆಕ್ಷನ್ ಹಾಕ್ತಾಳೆ. ನಿಮ್ಮ ಗಂಟುನೋವಿಗೂ ಪಕ್ಕದಲ್ಲೇ ನರ್ಸ್ ಸಿಕ್ಕಿದ ಹಾಗೆ ಆಯ್ತು."

ಅಕ್ಕ ನಕ್ಕರು. ಎದುರಿನವರು ನಕ್ಕರೆ ಚೌಕಾಶಿ ಮುಕ್ಕಾಲು ಮುಗಿದ ಹಾಗೆ, ಇದನ್ನು ನೆನಪಿಟ್ಟುಕೊಳ್ಳಿ.

ಭಾನುವಾರ ಅಕ್ಕನ ಎದುರಲ್ಲೇ ನರ್ಸಿಗೆ ಮನೆ ತೋರಿಸಿದೆ. ಕಡಿಮೆ ಮಾತಾಡು ಎಂದು ಹೇಳಿಕೊಟ್ಟದ್ದೆಲ್ಲ ನೀರುಪಾಲು. "ನಮ್ಮೂರಾಗೂ ನಿಮ್ಮ ಕಡೆಯವರ ಹೋಟೆಲ್ ಐತ್ರಿ ಆಂಟಿ. ನಮ್ಮಪ್ಪ ದಿನಾ ಅಲ್ಲೇ ಚಾ ಕುಡೀತಿದ್ದ," ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಪುಣ್ಯಕ್ಕೆ ಅದು ಅಕ್ಕನಿಗೆ ಹಿಡಿಸಿತು. ಬೀಗದ ಕೈ ಕೊಟ್ಟೇಬಿಟ್ಟರು.

ನಾನು ಅಕ್ಕನ ಜೊತೆ ಪಂಪಿನ ಸ್ವಿಚ್ಚು ನೋಡುತ್ತಿದ್ದಾಗ ಅವಳು ಹಿತ್ತಲಿಗೆ ಹೋಗಿದ್ದಳು. ಹೊರಗೆ ಬಂದು ನೋಡಿದರೆ ಚಪ್ಪಲಿ ಬಿಟ್ಟು, ಪರ್ಸಿನಿಂದ ಕುಂಕುಮದ ಭರಣಿ ತೆಗೆದು, ಗುಳಿಗನ ಕಲ್ಲಿಗೆ ಬೆರಳಿನಲ್ಲಿ ಬಳಿದು ಕೈಮುಗಿದು ನಿಂತಿದ್ದಾಳೆ. ಅವರ ಊರಿನಲ್ಲಿ ಮರದ ಬುಡದ ಕಲ್ಲಿಗೆ ಬರಿಗೈಯಲ್ಲಿ ಕೈಮುಗಿಯುವುದಿಲ್ಲವಂತೆ. ಇಲ್ಲಿ ಹೇಗೆಂದು ಹೇಳಬೇಕಾದದ್ದು ಮನೆಯೊಡತಿ. ದೀಪದ ಮಾತು ಮೊದಲ ಸಂಕ್ರಮಣಕ್ಕೆ ಹೇಳಿದರಾಯಿತು ಎಂದು ಅವರು ಬಿಟ್ಟಿದ್ದರು.

"ಅಯ್ಯೋ ದೇವೆರೆ! ಗುಳಿಗನನ್ನು ಮುಟ್ಟಿದಳಾ!"

"ಯಾಕ್ರಿ ಆಂಟಿ, ದೇವರಲ್ಲೇನ್ರಿ? ನಮ್ಮವ್ವ ಬರ್ತಾಳ, ಚಲೋ ನೋಡ್ಕೊಳ್ಳಪ್ಪ ಅಂತ ಬೇಡ್ಕೊಂಡೆ."

ಅಕ್ಕ ಬೀಗದ ಕೈಯನ್ನು ಅವಳ ಕೈಯಿಂದಲೇ ತೆಗೆದುಕೊಂಡು ನನ್ನ ಕಡೆ ತಿರುಗಿದರು. "ನೋಡಿದಿರಾ? ಇದಕ್ಕೇ ನಾನು ಬೇಡ ಹೇಳಿದ್ದು."

ಅಷ್ಟಕ್ಕೆ ಬಿಡುವವನಲ್ಲ ನಾನು. ಮರುದಿನ ಅಕ್ಕನನ್ನು ಆಟೋದಲ್ಲಿ ಕೂರಿಸಿ, ಅವರ ಕುಟುಂಬದ ದೈವದ ಚಾಕರಿ ಮಾಡುವ ಹಿರಿಯರ ಬಳಿ ಕರೆದುಕೊಂಡು ಹೋದೆ. ಮಾತಾಡಬೇಕಾದದ್ದು ಅಕ್ಕ, ಮಾತಾಡಿದ್ದು ಹೆಚ್ಚು ನಾನೇ. ಹಿರಿಯರು ಎಲೆ ಅಡಿಕೆ ಜಗಿಯುತ್ತಾ ಕೇಳಿದರು.

"ಗೊತ್ತಿಲ್ಲದೆ ಭಕ್ತಿಯಿಂದ ಹಚ್ಚಿದ್ದಲ್ವಾ? ನೀರು ಹಾಕಿ ತೊಳೀರಿ, ಒಂದು ಬೊಂಡ ಇಟ್ಟು ತಪ್ಪಾಯ್ತು ಅಂತ ಹೇಳಿ. ಮುಗೀತು. ಅವನು ಅಷ್ಟು ಸಣ್ಣವನಲ್ಲ."

ಎಳನೀರಿನ ಬೊಂಡವನ್ನು ನಾನೇ ತಂದೆ. ಹಿರಿಯರೇ ಬಂದು ಕಲ್ಲು ತೊಳೆದು, ಬೊಂಡ ಇಟ್ಟು, ಪ್ರಾರ್ಥನೆ ಮಾಡಿ ಹೋದರು. ಗೇಟಿನ ಬಳಿ ನಾನು ಬೀಗದ ಕೈಗಾಗಿ ಕೈ ಚಾಚಿದೆ.

"ಗುಳಿಗ ಬಿಟ್ಟಿರಬಹುದು," ಎಂದರು ಅಕ್ಕ, ಬೀಗದ ಕೈ ಕಟ್ಟಿದ್ದ ಸೆರಗಿನ ಗಂಟನ್ನು ಬಿಗಿ ಮಾಡುತ್ತಾ. "ನನಗೆ ಮನಸ್ಸು ಬರುದಿಲ್ಲ. ನಮ್ಮವರು ಯಾರಾದ್ರೂ ಉಂಟಾ ನೋಡಿ."

"ನಮ್ಮವರು ಎಲ್ಲಿದ್ದಾರೆ ಅಕ್ಕ? ದುಬೈಯಲ್ಲಿ ಬಾಡಿಗೆ ಮನೆ ಹುಡುಕ್ತಾ ಇದ್ದಾರೆ."

ಈ ಸಲ ಅವರು ನಗಲಿಲ್ಲ.

ದೈವಕ್ಕೆ ಸಿಟ್ಟು ಬಂದರೆ ಇಳಿಸಲು ಬೊಂಡ ಉಂಟು. ಮನುಷ್ಯರ ಸಿಟ್ಟಿಗೆ ಎಂತ ಇಡುವುದು? ಅಕ್ಕ ಕೆಟ್ಟವರಲ್ಲ, ಅದೇ ನನ್ನ ತೊಂದರೆ. ಕೆಟ್ಟವರ ಜೊತೆ ಚೌಕಾಶಿ ಮಾಡಬಹುದು. ಬಂದರು ನಮ್ಮದು, ಲಾಭ ಘಟ್ಟದವರದು ಎಂದು ಹೇಳುವವರಿಗೆ ನಾನೂ ಹೌದೆನ್ನುತ್ತೇನೆ. ಆದರೆ ಆ ಲೆಕ್ಕವನ್ನು ಕೇಳಬೇಕಾದದ್ದು ರಾಜಧಾನಿಯಲ್ಲಿ ಕುರ್ಚಿ ಹಿಡಿದು ಕೂತವರ ಹತ್ತಿರ. ಅವರು ನಮ್ಮ ಕೈಗೆ ಸಿಗುವುದಿಲ್ಲ. ಸಿಗುವುದು ಮಂಚದಲ್ಲಿ ಮಲಗಿದ ತಾಯಿಗೆ ಜಾಗ ಹುಡುಕುವ ನರ್ಸು.

ಕೊನೆಗೆ ಬಿಕರ್ನಕಟ್ಟೆಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತರ ಹಿತ್ತಲಿನ ಮನೆ ಸಿಕ್ಕಿತು. ಮೆಟ್ಟಿಲಿಲ್ಲ, ಆದರೆ ಆಸ್ಪತ್ರೆಗೆ ಬಸ್ಸು ಹತ್ತಬೇಕು. ಮಧ್ಯಾಹ್ನ ಓಡಿಬಂದು ಉಣಿಸುವ ಮಾತೇ ಇಲ್ಲ. ಅದಕ್ಕೆ ಸಂಬಳ ಕೊಟ್ಟು ಒಬ್ಬ ಹೆಂಗಸನ್ನು ಇಡಬೇಕು. ನರ್ಸು ಬೇಡ ಎನ್ನಲಿಲ್ಲ. ಎನ್ನುವ ಸ್ಥಿತಿಯಲ್ಲಿ ಎಲ್ಲಿದ್ದಳು? ತಾಯಿ ಬರುವ ದಿನ ಹತ್ತಿರವಾಗಿತ್ತು.

ಮನೆ ನೋಡಲು ಹೋದಾಗ ಅವಳು ಗೇಟಿನಲ್ಲೇ ನಿಂತಳು. ಅಂಗಳದ ಮೂಲೆಯಲ್ಲಿ ಹೂವಿನ ಹಾರ ಹಾಕಿದ ಒಂದು ಶಿಲುಬೆ. ಪರ್ಸನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡು, ಸೇವಂತಿಗೆ ಕುಂಡದಿಂದ ಬಾವಿಕಟ್ಟೆಯವರೆಗೆ ಎಲ್ಲವನ್ನೂ ಒಮ್ಮೆ ನೋಡಿದಳು.

"ಅಣ್ಣಾರ, ಇಲ್ಲಿ ಏನೇನ್ ಮುಟ್ಟಬಾರ್ದು, ಮೊದ್ಲ ಹೇಳಿಬಿಡ್ರಿ."

ಎಲ್ಲದಕ್ಕೂ ಒಂದು ಸಲಹೆ ಇಟ್ಟುಕೊಂಡು ತಿರುಗುವ ನನ್ನ ಬಾಯಿಗೆ ಆಗ ಬಂದದ್ದು ಇಷ್ಟೇ: "ನಡಿಯಮ್ಮ, ನಳ್ಳಿಯಲ್ಲಿ ನೀರು ಬರ್ತದಾ ನೋಡುವ."