ಕಾಕು ಹೇಳುತ್ತಿದ್ದ ಸುದ್ದಿ

ಮೊನ್ನೆ ಸಹಕಾರನಗರದ ಗೆಳತಿಯ ಮನೆಗೆ ಹೋಗಿದ್ದೆ. ಮಗಳ ಪಾಠಕ್ಕೆಂದು ಅವಳು ಹಳೆಯ ಹಾರ್ಮೋನಿಯಂ ಒಂದನ್ನು ತಂದಿದ್ದಳು. ಮುಚ್ಚಳ ತೆಗೆದಾಗ ಹಳೇ ಮರ, ಕರ್ಪೂರ, ಮಡಿಚಿಟ್ಟ ಬಟ್ಟೆ ಎಲ್ಲ ಬೆರೆತ ವಾಸನೆ ಬಂತು. ಕಾಕು ಪಕ್ಕದಲ್ಲೇ ಬಂದು ಕುಳಿತ ಹಾಗಾಯಿತು...

ನಗರದಂಚಿನ ಅಬ್ಬಿಗೆರೆಯಲ್ಲಿ ನಮ್ಮ ಪಕ್ಕದ ಮನೆಯವರು ಅವರು. ಗದಗದ ಕಡೆಯವರು, ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದಿದ್ದರು. ಅವರ ಕಡೆ ಚಿಕ್ಕಮ್ಮನಿಗೆ ಕಾಕು ಎನ್ನುತ್ತಾರೆ; ಬೀದಿಗೆಲ್ಲ ಅವರು ಕಾಕು. ನಾನು ಆಗ ಹತ್ತಿರದ ಕಾಲೇಜೊಂದರ ಸಮುದಾಯ ರೇಡಿಯೊದಲ್ಲಿ ಕೆಲಸ ಮಾಡುತ್ತಿದ್ದೆ. ಸುತ್ತಲಿನ ಬಡಾವಣೆಗಳಾಚೆ ಕೇಳಿಸದ ಪುಟ್ಟ ರೇಡಿಯೊ ಅದು. ಸಂಜೆ ಕಾಕು ಹಾರ್ಮೋನಿಯಂ ನುಡಿಸುತ್ತ ತತ್ವಪದ ಹಾಡುವುದನ್ನು ಗೋಡೆಯಾಚೆಯಿಂದ ಕೇಳಿ ಕೇಳಿ, ಒಂದು ದಿನ ಅವರನ್ನು ಸ್ಟುಡಿಯೊಗೆ ಕರೆದುಕೊಂಡು ಹೋದೆ.

ಬೆಳಗಿನ ಕಾರ್ಯಕ್ರಮ ಅವರದೇ ಆಯಿತು. ಮೊದಲು ಒಂದು ಪದ, ಆಮೇಲೆ ಊರ ಸುದ್ದಿ. ಯಾವ ಬೀದಿಗೆ ನೀರಿಲ್ಲ, ಯಾರಿಗೆ ರಕ್ತ ಬೇಕಾಗಿದೆ, ಯಾರ ಮನೆಯ ಕರು ತಪ್ಪಿಸಿಕೊಂಡಿದೆ... ಯಾರು ತೀರಿಕೊಂಡರು. ಸಾವಿನ ಸುದ್ದಿ ಹೇಳುವಾಗ ಅವರ ಮಾತು ನಿಧಾನವಾಗುತ್ತಿತ್ತು. ಯಾವ ಓಣಿ, ಏನು ಕೆಲಸ ಮಾಡುತ್ತಿದ್ದರು ಎಂದೆಲ್ಲ ಹೇಳಿ, ಹೆಸರು ಕಡೆಗೆ.

“ಕೇಳೋರಿಗೆ ಕುಂದರಾಕ ಹೊತ್ತು ಕೊಡಬೇಕವಾ,” ಎನ್ನುತ್ತಿದ್ದರು.

ಒಂದು ನಸುಕಿನಲ್ಲಿ ಕಾಕುವಿನ ಗಂಡ ಎದೆನೋವೆಂದು ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು. ದೇಹ ಮನೆಗೆ ಬಂದ ಮೇಲೆ ಕಾಕು ಮುಖ ತೊಳೆದುಕೊಂಡು ನನ್ನೆದುರು ನಿಂತರು.

“ನಡಿ, ರೇಡಿಯೊಕ್ಕ ಹೋಗೂಣು.”

“ಬೇಡ ಕಾಕು. ಇವತ್ತು ನಾನೇ ಹೇಳ್ತೀನಿ, ನೀವು ಮನೇಲಿರಿ.”

“ಅವರ ಜೋಡಿ ದುಡದವರು ನಾಗಸಂದ್ರದಾಗ ಅದಾರ, ಚಿಕ್ಕಬಾಣಾವರದಾಗ ಅದಾರ. ದಿನಾ ನನ್ನ ದನಿ ಕೇಳ್ತಾರ. ಇದನ್ನೂ ನನ್ನ ಬಾಯಿಲೇ ಕೇಳಲಿ.”

ಆ ವಾರ ಗದಗದಿಂದ ಬಂದು ಅವರಲ್ಲೇ ಉಳಿದಿದ್ದ ತಂಗಿಯನ್ನು ದೇಹದ ಬಳಿ ಕೂರಿಸಿ ಬಂದರು. ಮೈಕಿನ ಮುಂದೆ ಹಾರ್ಮೋನಿಯಂ ಮೇಲೆ ಬೆರಳಿಟ್ಟರು. ಶ್ರುತಿ ಹೊರಟಿತು, ಪದ ಬರಲಿಲ್ಲ. ಕೈ ತೆಗೆದು ನೇರ ಸುದ್ದಿಗೆ ಬಂದರು. “ನಮ್ಮ ಅಬ್ಬಿಗೆರಿಯೊಳಗ ಕಾರ್ಖಾನ್ಯಾಗ ಲೇಥ್ ಮಶೀನ್ ನಡಸತಿದ್ದ ಹಿರೇರೊಬ್ಬರು ಇವತ್ತ ತೀರಿಕೊಂಡಾರ...” ಕಡೆಗೆ ಹೆಸರು ಹೇಳಿದರು. ಅಷ್ಟು ವರ್ಷ ‘ನಮ್ಮನಿಯವರು’ ಎಂದಷ್ಟೇ ಅನ್ನುತ್ತಿದ್ದ ಕಾಕುವಿನ ಬಾಯಲ್ಲಿ ಗಂಡನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಮೈಕ್ ಆರಿಸಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾಳಿ ಮುಗಿಸಿ ಕಾರ್ಖಾನೆಯ ಅಂಗಿಯಲ್ಲೇ ಬಂದವರೂ ಇದ್ದರು.

ಹದಿನೈದು ದಿನ ಕಳೆದು ಕಾಕು ಮತ್ತೆ ಬಂದರು, ಸುದ್ದಿ ಹೇಳಿದರು. ಹಾಡಲು ಮಾತ್ರ ಒಪ್ಪಲಿಲ್ಲ. “ಈಗ ಮನ್ಯಾಗ ಕೇಳೋರಿಲ್ಲವ್ವಾ,” ಎಂದರು. ಕೆಲವು ವರ್ಷಗಳ ನಂತರ ರೇಡಿಯೊ ನಿಂತುಹೋಯಿತು. ಕಾಕು ಗದಗಕ್ಕೆ, ತಂಗಿಯ ಮನೆಗೆ ಹೋದರು.

ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಕಳೆದ ತಿಂಗಳು, ಬೀದಿಯ ವಾಟ್ಸಾಪ್ ಗುಂಪಿನಲ್ಲಿ. ಒಂದು ಫೋಟೊ, ಕೆಳಗೆ ಸಾಲಾಗಿ ಮುಗಿದ ಕೈಗಳು; ಅದರ ಬೆನ್ನಿಗೇ ಮನೆ ಬಾಡಿಗೆಗಿದೆ ಎಂಬ ಜಾಹೀರಾತು. ಯಾವ ಗುಂಪಿನಲ್ಲೂ ಇಲ್ಲದ, ನಮ್ಮ ಬೀದಿಯ ಹೂವಿನಾಕೆಗೆ ಫೋನ್ ಮಾಡಿ ಹೇಳಿದೆ.

“ರೇಡ್ಯೋದಲ್ಲಿ ಮಾತಾಡ್ತಿದ್ದ ಯಮ್ಮನಾ? ಇಂಗಾಯ್ತಾ...” ಎಂದಳು. “ನಂಗ್ಯಾರೂ ಏಳ್ಲೇ ಇಲ್ವಲ್ಲಮ್ಮ.”

ಹೇಳುತ್ತಿದ್ದವರೇ ಹೋಗಿದ್ದರು.