ತಾಮ್ರದ ತಂತಿ ಬಿಚ್ಚಿದ ರಾತ್ರಿ

ನಾನು ವ್ಯಾಪಾರಿ. ಮಾಲು ಮಾರುವಾಗ ಎರಡು ಮಾತು ಹೆಚ್ಚಿಗೆ ಸೇರಿಸಿ ಹೇಳಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಈ ರಾತ್ರಿಯ ವಿಷಯದಲ್ಲಿ ಒಂದಕ್ಷರವನ್ನೂ ಮೇಲೆ ಹಾಕಿಲ್ಲ. ನಂಬಿಕೆ ಬರದಿದ್ದರೆ ಇಳಕಲ್ಲಿನ ನಮ್ಮ ಓಣಿಗೆ ಬನ್ನಿ, ಮಲ್ಲೇಶಿಯ ಮಣಿಕಟ್ಟು ತೋರಿಸುತ್ತೇನೆ. ಅಲ್ಲಿ ಬಿದ್ದಿರುವ ಹಸಿರು ಗೆರೆ ಏನೆಂದು ಅವನನ್ನು ಮಾತ್ರ ಕೇಳಬೇಡಿ…

ಎರಡು ಸಾವಿರದ ಇಸವಿಯ ಆಸುಪಾಸು. ಅಣೆಕಟ್ಟಿನ ಹಿನ್ನೀರು ಏರುತ್ತದೆಂದು ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳ ಜನ ಗಂಟುಮೂಟೆ ಕಟ್ಟಿಕೊಂಡು ನವನಗರಕ್ಕೆ ಹೋಗುತ್ತಿದ್ದರು. ನಾನು ಆ ಮನೆಗಳ ಸಾಗವಾನಿ ಬಾಗಿಲು, ತೊಲೆ, ಕಿಟಕಿ, ಗುಜರಿ ಸಾಮಾನು ಕೊಂಡು ಮಾರುತ್ತಿದ್ದೆ. ಬರಿಗೈಯಲ್ಲಿ ಶುರುಮಾಡಿದ ಧಂದೆ. ಯಾರೂ ಕಲಿಸಿದ್ದಲ್ಲ. ಈಗಿನ ಹುಡುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಹಳೆ ಮನೆ ಕೊಳ್ಳಲು ಹೋದಾಗ ಬಾಗಿಲನ್ನು ಹೊಗಳಬೇಡಿ, ಗೆದ್ದಲು ಎಲ್ಲಿದೆ ಎಂದು ಮೊದಲು ಕೇಳಿ. ಅರ್ಧ ಚೌಕಾಶಿ ಅಲ್ಲೇ ಮುಗಿಯುತ್ತದೆ.

ನನ್ನ ಜೊತೆ ಮಲ್ಲೇಶಿ ಇರುತ್ತಿದ್ದ. ನನ್ನ ಹೆಂಡತಿ ಶಾಂತವ್ವನ ಒಬ್ಬನೇ ತಮ್ಮ. ಗೂಳಿಯಂಥ ಮೈಕಟ್ಟು, ಬಾಯಿ ತುಂಬ ನಗು. ನೇಕಾರರ ಮನೆಯ ಗಂಗವ್ವನ ಜೊತೆ ಅವನ ಲಗ್ನ ನಿಶ್ಚಯವಾಗಿತ್ತು. ಮದುಮಗಳ ಸೀರೆ ಅವಳ ಅಪ್ಪನ ಮಗ್ಗದ ಮೇಲೇ ಇತ್ತು, ಸೆರಗು ಇನ್ನೂ ನೇಯಬೇಕಾಗಿತ್ತು. ಮನೆ ಬಿಡುವಾಗ ಶಾಂತವ್ವ ಬಾಗಿಲಲ್ಲಿ ನಿಂತು ಅಂದಳು:

"ಹೆಂಗ ಕರಕೊಂಡ ಹೊಂಟೀರಿ, ನನ್ನ ತಮ್ಮನ್ನ ಹಂಗ ತಂದು ಬಿಡ್ರಿ. ಅರಿಷಿಣ ಹಚ್ಚೂ ಹುಡುಗ ಅಂವಾ."

"ಅಂವೇನು ಕೂಸೇನು?" ಎಂದು ನಾನು ನಕ್ಕಿದ್ದೆ.

ಆ ಮನೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಒಬ್ಬ ಮಾಸ್ತರರದು. ಅವರು ತೀರಿಕೊಂಡು ಕೆಲವು ವರ್ಷವಾಗಿತ್ತು. ಅವರ ಹೆಂಡತಿ ಆಗಲೇ ನವನಗರದಲ್ಲಿದ್ದರು, ಮನೆ ತೋರಿಸಲು ಬಂದಿದ್ದರು. ಮಲ್ಲೇಶಿ ಹೊರಗೆ ಟೆಂಪೋದವನ ಜೊತೆ ಮಾತಾಡುತ್ತಿದ್ದ. ಒಳಗೆ ನಾವಿಬ್ಬರೇ.

ಹಿಂದಿನ ಖೋಲಿಯಲ್ಲಿ ಕಲ್ಲಿನ ಹಲಗೆ ಮೇಲೆ ಸ್ಟೀಲಿನ ಡಬ್ಬಿಗಳ ಸಾಲು. ಪ್ರತಿ ಡಬ್ಬಿಯ ಮುಚ್ಚಳಕ್ಕೆ ಎರಡು ಹಿತ್ತಾಳೆ ಸ್ಕ್ರೂ. ಆ ಎರಡನ್ನೂ ಕೂಡಿಸಿ ಬಿಗಿದ ದಪ್ಪ ತಾಮ್ರದ ತಂತಿ. ಡಬ್ಬಿಯಿಂದ ಡಬ್ಬಿಗೆ ತೆಳು ವಾಯರು ಹಾಯ್ದು, ಕೊನೆಗೆ ಒಂದು ಟಾರ್ಚಿನ ಬಲ್ಬು. ಪಕ್ಕದಲ್ಲಿ ಪುಡಿ ಅರೆಯುವ, ಕರಿ ಹಿಡಿದ ಕಲ್ಲಿನ ಖಲಬತ್ತು.

"ಇದೇನ್ರಿ ಅಕ್ಕಾರ?"

"ಕರೆಂಟ್ ತುಂಬಿಡೂ ಡಬ್ಬಿರಿ. ಶೇಂಗಾ ಸಿಪ್ಪಿ ಸುಟ್ಟು, ಅರದು, ಮತ್ತ ಸುಟ್ಟು ಕರಿಪುಡಿ ಮಾಡ್ತಿದ್ರು. ಅದರಾಗ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ತೂತು ಇರ್ತಾವಂತ. ಆ ತೂತಿನೊಳಗಿನ ಗೋಡಿ ಎಲ್ಲಾ ಬಿಚ್ಚಿ ಹಾಸಿದ್ರ, ಒಂದು ಚಮಚ ಪುಡಿ ಒಂದು ದೊಡ್ಡ ಹೊಲದಷ್ಟು ಆಕ್ಕತಿ ಅಂತಿದ್ರು. ಆ ಗೋಡಿಗೆ ಕರೆಂಟ್ ಹತ್ತಿಕೊಂಡು ಕುಂದರ್ತೈತಂತ." ದನಿ ತಗ್ಗಿಸಿದರು. "ಕಡೀ ಕಡೀಕ ರಾತ್ರಿ ಎದ್ದು ಕುಂತು ಒಂದ ಮಾತು… ಇನ್ನೂ ಜಾಗ ಐತಿ, ಇನ್ನೂ ಹಿಡಸ್ತೈತಿ… ಈ ಓಣಿ ಓಣೀನ ಹಿಡಸ್ತೈತಿ ಅಂತ."

ನಾನು ತಲೆಯಾಡಿಸಿದೆ. ನನ್ನ ಕಣ್ಣು ತಾಮ್ರದ ಮೇಲಿತ್ತು.

"ಎಲ್ಲಾ ಒಯ್ರಿ. ಆ ತಂತಿ ಮಾತ್ರ ಬಿಚ್ಚಬ್ಯಾಡ್ರಿ. ಡಬ್ಬಿ ಇದ್ದಲ್ಲೇ ಇರ್ಲಿ, ನೀರಾಗ ಮುಳುಗ್ಲಿ."

"ಆತ್ರಿ ಅಕ್ಕಾರ" ಅಂದೆ. ವ್ಯಾಪಾರದಲ್ಲಿ ಎಷ್ಟು ಸಲ ಆತ್ರಿ ಅನ್ನುವುದಿಲ್ಲ…

ನನ್ನ ಲೆಕ್ಕ ಏನೆಂದರೆ, ಲಾರಿ ಬ್ಯಾಟರಿಗಳ ಜೊತೆ ಕೈ ಸುಟ್ಟುಕೊಂಡು ಕಲಿತವನು ನಾನು. ಎರಡು ತುದಿಗೂ ನೇರ ತಂತಿ ಬಿಗಿದಿಟ್ಟರೆ ಒಳಗಿನ ಕರೆಂಟು ಅಷ್ಟೂ ಹರಿದು ಖಾಲಿಯಾಗಲೇಬೇಕು. ವರ್ಷಗಟ್ಟಲೆ ಬಿಗಿದಿಟ್ಟ ಡಬ್ಬಿ ಅಂದರೆ ಸತ್ತ ಡಬ್ಬಿ. ಸತ್ತದ್ದಕ್ಕೆ ತಾಮ್ರ ಯಾಕೆ? ಸಂಜೆ ತಂತಿ ಬಿಚ್ಚಲು ಮಲ್ಲೇಶಿಗೆ ಹೇಳಿದೆ. ಅವನು ಇಕ್ಕಳ ಹಿಡಿದು ಅಷ್ಟನ್ನೂ ಕಿತ್ತು ಚೀಲಕ್ಕೆ ತುಂಬಿದ. ಖಲಬತ್ತನ್ನೂ ಅದೇ ಚೀಲಕ್ಕೆ ಹಾಕಿದ.

ಟೆಂಪೋದವನು ಕೈಕೊಟ್ಟ. ಬೆಳಿಗ್ಗೆ ಬರುತ್ತೇನೆಂದು ಹೇಳಿ ಕಳಿಸಿದ. ಕಿತ್ತಿಟ್ಟ ಸಾಗವಾನಿ ಬಿಟ್ಟು ಹೋದರೆ ಬೆಳಗಾಗುವಷ್ಟರಲ್ಲಿ ಬರೀ ಗೋಡೆ ಉಳಿಯುತ್ತದೆ, ನಮ್ಮಂಥವರು ಊರಲ್ಲಿ ಬಹಳ ಮಂದಿ ಇದ್ದರು. ಅಲ್ಲೇ ಮಲಗುವುದೆಂದು ಆಯಿತು. ನಾನು ಪಡಸಾಲೆಯಲ್ಲಿ, ಚೀಲಕ್ಕೆ ತಲೆ ಹಚ್ಚಿ. ಬಾಗಿಲಿಲ್ಲದ ಮನೆಯಲ್ಲಿ ಗಾಳಿ ಕೊರೆಯುತ್ತಿತ್ತು. ಮಲ್ಲೇಶಿ ಕಂಬಳಿ ಎತ್ತಿಕೊಂಡು ಹಿಂದಿನ ಖೋಲಿಗೆ ಹೋದ.

"ಮಾವ, ಅಲ್ಲಿ ಬೆಚ್ಚಗೈತಿ!"

"ಮಲ್ಯಾ, ಕನಸಿನ್ಯಾಗ ಗಂಗವ್ವನ್ನ ಕರಕೊಂಡು ಗದ್ದಲ ಮಾಡಬ್ಯಾಡಲೇ."

"ಆಕಿ ಬಂದ್ರ ನಿಮ್ಮನ್ನ ಯಾಂವ ಕೇಳ್ತಾನ ಬಿಡ್ರಿ!"

ಅವನ ನಗು ಖಾಲಿ ಗೋಡೆಗಳಿಗೆ ಬಡಿದು ತಿರುಗಿ ಬಂತು. ಆ ನಗು ನಾನು ಕೇಳಿದ್ದು ಅದೇ ಕೊನೆ.

ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ. ಎಚ್ಚರವಾಯಿತು.

ಗರ್… ಗರ್… ಗರ್…

ಕಲ್ಲಿನ ಮೇಲೆ ಕಲ್ಲು ಅರೆಯುವ ಸಪ್ಪಳ. ಅವಸರವಿಲ್ಲದ, ರೂಢಿಯಾದ ಕೈಯ ಸಪ್ಪಳ. ತಗ್ಗಿನ ಓಣಿಯಿಂದ ಕೆಸರಿನ ವಾಸನೆ ಬರುತ್ತಿತ್ತು. ಅದರ ಮೇಲೆ ಇನ್ನೊಂದು ವಾಸನೆ ಏರಿತು… ಶೇಂಗಾ ಸಿಪ್ಪೆ ಸುಟ್ಟ ವಾಸನೆ.

ಮಲ್ಲೇಶಿ ಆಟ ಆಡುತ್ತಿದ್ದಾನೆ ಅಂದುಕೊಂಡೆ. ಚೀಲದ ಮೇಲೆ ಕೈ ಇಟ್ಟೆ. ಖಲಬತ್ತು ಅಲ್ಲೇ ಇತ್ತು, ನನ್ನ ತಲೆಯ ಕೆಳಗೇ. ತಣ್ಣಗೆ. ಅಲುಗಾಡದೆ.

ಗರ್… ಗರ್…

"ಮಲ್ಯಾ?"

ಟಾರ್ಚು ಹಚ್ಚಿದೆ. ಹೊಸ ಸೆಲ್ಲು, ಎದುರಿನ ಗೋಡೆಗೆ ಬೆಳ್ಳಗೆ ಬಿತ್ತು. ಹಿಂದಿನ ಖೋಲಿಯ ಕಡೆ ಹೆಜ್ಜೆ ಇಟ್ಟೆ. ಬೆಳಕು ಹಳದಿಯಾಯಿತು. ಇನ್ನೊಂದು ಹೆಜ್ಜೆಗೆ ಕೆಂಪಾಯಿತು. ಬಾಗಿಲಿನ ಜಾಗಕ್ಕೆ ಬರುವಷ್ಟರಲ್ಲಿ ನನ್ನ ಕೈಯಲ್ಲಿ ಬರೀ ಸತ್ತ ಟಾರ್ಚು…

ಆದರೆ ಒಳಗೆ ಬೆಳಕಿತ್ತು.

ಕರೆಂಟಿನವರು ಆ ಮನೆಯ ಮೀಟರು ಎಂದೋ ಕಿತ್ತೊಯ್ದಿದ್ದರು. ಹಲಗೆಯ ತುದಿಯ ಆ ಬಲ್ಬು ಮಾತ್ರ ಉರಿಯುತ್ತಿತ್ತು. ನನ್ನ ಟಾರ್ಚು ಆರಿದ ಗಳಿಗೆಯಲ್ಲಿ ಅದು ಇನ್ನಷ್ಟು ಏರಿತು.

ಮಲ್ಲೇಶಿ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಕಣ್ಣು ಮುಚ್ಚಿತ್ತು. ಬಲಗೈಯ ಬೆರಳು ಮೊದಲನೆ ಡಬ್ಬಿಯ ಸ್ಕ್ರೂ ಮೇಲೆ, ಎಡಗೈಯದು ಕೊನೆ ಡಬ್ಬಿಯ ಸ್ಕ್ರೂ ಮೇಲೆ. ಎರಡೂ ತೋಳು ಪೂರ್ತಿ ಚಾಚಿದ್ದವು. ಸಪ್ಪಳ ಅವನ ಸುತ್ತಲೇ ಇತ್ತು. ಆದರೆ ಅರೆಯುವವರು ಯಾರೂ ಇರಲಿಲ್ಲ.

ಅವನ ತುಟಿ ಅಲುಗುತ್ತಿತ್ತು. ಬಾಗಿ ಕಿವಿಗೊಟ್ಟೆ.

"ಇನ್ನೂ ಜಾಗ ಐತಿ… ಇನ್ನೂ ಹಿಡಸ್ತೈತಿ…"

ಅಕ್ಕಾರು ಆ ಮಾತು ಹೇಳುವಾಗ ಮಲ್ಲೇಶಿ ಒಳಗಿರಲಿಲ್ಲ. ಟೆಂಪೋದ ಹತ್ತಿರ ಇದ್ದ. ನಾನಂತೂ ಅವನಿಗೆ ಹೇಳಿರಲಿಲ್ಲ.

ಒಂದೊಂದು ಸಲ ಆ ಮಾತು ಬಂದಾಗಲೂ ದನಿ ಒಂದಿಷ್ಟು ಸಣ್ಣದಾಗುತ್ತಿತ್ತು, ಬಲ್ಬಿನ ಬೆಳಕು ಒಂದಿಷ್ಟು ದೊಡ್ಡದಾಗುತ್ತಿತ್ತು. ಅವನ ಕೆನ್ನೆಯ ಮಾಂಸ ಒಳಗೆ ಹೋದಂತೆ ಕಂಡಿತು. ಶಾಂತವ್ವ ಬಾಗಿಲಲ್ಲಿ ನಿಂತದ್ದು ಕಣ್ಣಮುಂದೆ ಬಂತು. ಅವನ ರಟ್ಟೆ ಹಿಡಿದು ಜಗ್ಗಿದೆ.

ಶಾಕ್ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಬದಲಿಗೆ ನನ್ನೊಳಗಿಂದ ಏನೋ ತೆಳ್ಳಗೆ ಹರಿದು ಹೊರಟಿತು… ಕೊಡಕ್ಕೆ ತೂತು ಬಿದ್ದಂತೆ. ನನ್ನ ಅವ್ವನ ಮುಖ ನೆನಪಿಗೆ ತಂದುಕೊಳ್ಳಲು ನೋಡಿದೆ, ಬರಲಿಲ್ಲ. ಕೈ ಬಿಟ್ಟೆ.

ತಂತಿ! ತೆವಳಿಕೊಂಡು ಪಡಸಾಲೆಗೆ ಬಂದು ಕತ್ತಲಲ್ಲಿ ಚೀಲಕ್ಕೆ ಕೈ ಹಾಕಿದೆ. ಸಿಕ್ಕಷ್ಟು ತಾಮ್ರ ಹಿಡಿದು ಮತ್ತೆ ಒಳಗೆ ಹೋದೆ. ಮೊದಲನೆ ಡಬ್ಬಿಯ ಎರಡು ಸ್ಕ್ರೂಗೆ ತಂತಿ ಸುತ್ತಿದೆ. ಚಟ್ ಎಂದು ನೀಲಿ ಕಿಡಿ ಹಾರಿತು, ಬೆರಳು ಸುಟ್ಟಿತು. ಬಲ್ಬಿನ ಬೆಳಕು ಒಂದು ಗುಂಜಿಯಷ್ಟು ಇಳಿಯಿತು. ಎರಡನೆಯದು… ಚಟ್. ಮೂರನೆಯದು… ಅರೆಯುವ ಸಪ್ಪಳ ಈಗ ಜೋರಾಯಿತು, ಸಿಟ್ಟಿನಿಂದ ಅರೆದ ಹಾಗೆ, ನನ್ನ ಕಿವಿಯ ಹಿಂದೆಯೇ. ತಿರುಗಿ ನೋಡಲಿಲ್ಲ. ನಿಮಗೂ ಹೇಳುತ್ತೇನೆ, ಅಂಥ ಹೊತ್ತಿನಲ್ಲಿ ಕೈಯಲ್ಲಿರುವ ಕೆಲಸ ಬಿಟ್ಟು ತಿರುಗಬೇಡಿ.

ಕೊನೆ ಡಬ್ಬಿಗೆ ತಂತಿ ಬಿಗಿದಾಗ ಎಲ್ಲ ಒಮ್ಮೆಲೇ ನಿಂತಿತು. ಕತ್ತಲು. ಮಲ್ಲೇಶಿ ಖಾಲಿ ಚೀಲದಂತೆ ನನ್ನ ಮೇಲೆ ಬಿದ್ದ. ಗೂಳಿಯಂಥವನನ್ನು ನಾನೊಬ್ಬನೇ ಎತ್ತಿಕೊಂಡು ಬೀದಿಗೆ ಬಂದೆ… ಅಷ್ಟು ಹಗುರಾಗಿದ್ದ.

ಬೆಳಗಾಗುವವರೆಗೂ ಓಣಿಯಲ್ಲಿ ಕೂತಿದ್ದೆವು. ಮುಂಜಾನೆ ಅವನು ಕಣ್ಣು ಬಿಟ್ಟ. ಉಸಿರು ಬಂತಲ್ಲ ಎಂದು ಅಲ್ಲೇ ಕೈಮುಗಿದೆ. ಅವನು ನನ್ನನ್ನು ನೋಡಲಿಲ್ಲ. ಎದುರಿನ ಛಾವಣಿ ಇಲ್ಲದ ಮನೆ ನೋಡಿ ಮೆಲ್ಲಗೆ ಅಂದ:

"ಗಡಿಯಾರ ರಿಪೇರಿಯವರು ಇನ್ನೂ ಎದ್ದಿಲ್ಲೇನು? ಅವರವ್ವ ದಿನಾ ಇಷ್ಟೊತ್ತಿಗೆ ಕಸ ಹೊಡೀತಿದ್ಲು."

"ಯಾವ ಗಡಿಯಾರದವರಲೇ? ನೀ ಈ ಓಣಿಗೆ ನಿನ್ನೆ ಬಂದಾಂವ!"

ಅವನು ಮುಂದಿನ ಮನೆಗೆ ಬೆರಳು ತೋರಿಸಿದ. ಅದು ಬಡಿಗೇರರದು ಅಂದ. ಅದರಾಚೆ ಬಳೆಗಾರರದು. ಅಲ್ಲಿ ಒಂದು ಕುಂಟ ಆಕಳಿತ್ತಂತೆ… ಎಲ್ಲ ಬಿದ್ದ ಗೋಡೆಗಳು, ಯಾರ ಗುರುತೂ ಉಳಿದಿರಲಿಲ್ಲ.

ಟೆಂಪೋ ಬಂತು. ಅವನನ್ನು ಕೂರಿಸಿಕೊಂಡು ನೇರ ನವನಗರಕ್ಕೆ ಅಕ್ಕಾರ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಮಲ್ಲೇಶಿಯ ಕೈ ಹಿಡಿದು ಬೆರಳ ತುದಿ ತಿರುವಿ ನೋಡಿದರು. ತುದಿ ಕರ್ರಗಿತ್ತು.

"ಬಿಚ್ಚಿದ್ರಿ."

ನಾನು ತಲೆ ತಗ್ಗಿಸಿದೆ. ಗಡಿಯಾರದವರ ಮಾತು ಹೇಳಿದೆ.

"ಖರೆ. ನಮ್ಮ ಎದುರು ಮನಿಯವರು. ಅವರವ್ವ ಸತ್ತು ಭಾಳ ದಿನ ಆತು." ಬಳೆಗಾರರ ಆಕಳ ಸುದ್ದಿಗೂ ಹೂಂಗುಟ್ಟಿದರು. ಆಮೇಲೆ ಒಳಗೆ ಹೋಗಿ ಒಂದು ಮೊಳ ತಾಮ್ರದ ತಂತಿ ತಂದರು. ಎರಡೂ ತುದಿಗೆ ಬಳೆಯಂತೆ ಉಂಗುರ ತಿರುವಿತ್ತು, ನಡುವೆ ಸವೆದು ಹೊಳೆಯುತ್ತಿತ್ತು.

"ನಮ್ಮ ಯಜಮಾನ್ರು ಮಲಗೂ ಮುಂದ ಇದನ್ನ ನಾನ ಎರಡೂ ಕೈಗೆ ಕೂಡಿಸಿ ಕಟ್ಟತಿದ್ದೆ. ಒಂದಿನ ಮರತೆ, ಮುಂಜಾನಿ ಅವರು ಏಳಲಿಲ್ಲ… ಈ ಹುಡುಗಗ ಹೆಂಡ್ತಿ ಅದಾಳೇನು?"

"ಲಗ್ನ ಮಾಡೂದೈತ್ರಿ."

"ಆಕಿಗೆ ಹೇಳಿಕೊಡ್ರಿ."

ಲಗ್ನ ಆಯಿತು. ಎಲ್ಲ ಗೊತ್ತಿದ್ದೇ ಗಂಗವ್ವ ಹೂಂ ಅಂದಳು, ಆ ಹುಡುಗಿಯ ಧೈರ್ಯ ದೊಡ್ಡದು. ದಿನಾ ರಾತ್ರಿ ಗಂಡನ ಎರಡೂ ಮಣಿಕಟ್ಟಿಗೆ ತಂತಿ ತೊಡಿಸಿಯೇ ದೀಪ ಆರಿಸುತ್ತಾಳೆ. ಹಳೆ ಓಣಿಗೆ ನೀರು ಬಂತು, ಡಬ್ಬಿಗಳು ಅಲ್ಲೇ ಇವೆ. ಮಲ್ಲೇಶಿ ಉಣ್ಣುತ್ತಾನೆ, ದುಡಿಯುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ನಗುವುದಿಲ್ಲ. "ನೀವು ತಂದದ್ದು ನನ್ನ ತಮ್ಮನ್ನ ಹೌದೋ ಅಲ್ಲೋ?" ಎಂದು ಶಾಂತವ್ವ ಒಮ್ಮೆ ಮಾತ್ರ ಕೇಳಿದಳು. ನಾನು ಅಂಗಡಿಗೆ ಹೊರಟುಹೋದೆ.

ಮುಂದೆ ವಿಜ್ಞಾನ ಕಲಿಸುವ ಒಬ್ಬರನ್ನು ವಿಚಾರಿಸಿದೆ. ಅಂಥ ಡಬ್ಬಿ ಖಾಲಿ ಮಾಡಿದರೂ ಪುಡಿಯ ತೂತುಗಳ ಆಳದಲ್ಲಿ ಒಂದಿಷ್ಟು ಕರೆಂಟು ಉಳಿದಿರುತ್ತದಂತೆ, ತಂತಿ ಬಿಚ್ಚಿದರೆ ತುದಿಗೆ ಬರುತ್ತದಂತೆ. ಅದಕ್ಕೇ ತಂತಿ ಕಟ್ಟಿ ಇಡುವುದು ರೂಢಿಯಂತೆ. "ಅದು ಭಾಳ ಸಣ್ಣದು, ಬಲ್ಬು ಒಮ್ಮೆ ಪಿಳುಕಿದ್ರ ದೊಡ್ಡದು" ಅಂದರು. ಉಳಿದದ್ದನ್ನು ನಾನು ಅವರಿಗೆ ಹೇಳಲಿಲ್ಲ.

ನಿಮಗೆ ಹೇಳುವುದು ಇಷ್ಟೇ. ಹಳೆ ಮನೆಯಲ್ಲಿ ಯಾರಾದರೂ ಏನನ್ನಾದರೂ ಕಟ್ಟಿಟ್ಟಿದ್ದರೆ, ಯಾಕೆ ಕಟ್ಟಿದರೆಂದು ತಿಳಿಯುವವರೆಗೆ ಬಿಚ್ಚಬೇಡಿ.

ಮೊನ್ನೆ ರಾತ್ರಿ ಇಡೀ ಇಳಕಲ್ಲಿಗೆ ಕರೆಂಟು ಹೋಗಿತ್ತು. ಗಂಗವ್ವ ಓಡಿ ಬಂದು ನಮ್ಮ ಕದ ತಟ್ಟಿದಳು. "ಅಣ್ಣಾರ, ತಂತಿ ಕಟ್ಟೇನ್ರಿ… ನಾನ ಕೈಯಾರ ಕಟ್ಟೇನಿ… ಆದ್ರೂ ಬಲ್ಬು ಉರ್ಯಾಕತ್ತೈತ್ರಿ."

ಹೋಗಿ ನೋಡಿದೆ. ತಂತಿ ಮಣಿಕಟ್ಟಿನಲ್ಲೇ ಇತ್ತು. ತಲೆಯ ಮೇಲಿನ ಬಲ್ಬು ಕೆಂಡದಂತೆ ಮಂದವಾಗಿ ಉರಿಯುತ್ತಿತ್ತು. ಮಲ್ಲೇಶಿ ಕಣ್ಣು ಮುಚ್ಚಿಕೊಂಡು ಮನೆಗಳ ಹೆಸರು ಹೇಳುತ್ತಿದ್ದ, ಒಂದಾದ ಮೇಲೆ ಒಂದು, ಸಾಲು ತಪ್ಪದೆ.

ಬಾಗಲಕೋಟೆಯ ಓಣಿಯಲ್ಲ. ನಮ್ಮ ಓಣಿ.

ನಮ್ಮ ಮನೆಯ ಸರದಿ ಬರುವ ಮೊದಲು ಅವನನ್ನು ಅಲುಗಾಡಿಸಿ ಎಬ್ಬಿಸಿದೆ. ಈಗ ಎರಡೆರಡು ತಂತಿ ಕಟ್ಟುತ್ತೇವೆ…